ಒಂದು ಡಬ್ಬಿ, ಎರಡು ದನಿ

“ಕೈಯಲ್ಲಿ ಮೊಬೈಲ್ ಇಟ್ಟುಕೊಂಡು ಮತ್ತೆ ಈ ಪೊಲೀಸರ ಡಬ್ಬಿ ಯಾಕ್ರೀ ನಿಮಗೆ?” ಎಂದು ನನ್ನನ್ನು ಕೇಳದವರು ನಮ್ಮ ಬೀದಿಯಲ್ಲಿ ಕಡಿಮೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅರವತ್ತು ದಾಟಿದ ಹೆಂಗಸೊಬ್ಬಳು ದಿನಾ ಬೆಳಿಗ್ಗೆ 7.30ಕ್ಕೆ ತುಳಸಿಕಟ್ಟೆಯ ಪಕ್ಕ ನಿಂತು, ಅಂಗೈಯಗಲದ ಪೆಟ್ಟಿಗೆಯೊಂದನ್ನು ಬಾಯಿಯ ಹತ್ತಿರ ಹಿಡಿದು “ವಿಕ್ಟರ್ ಯೂನಿಫಾರ್ಮ್ ತ್ರೀ” ಎಂದು ಶುರುಮಾಡಿದರೆ ಯಾರಿಗಾದರೂ ಅನುಮಾನ ಬರುವಂಥದ್ದೇ. ನಮ್ಮ ಮನೆಯವರು ಮಾತ್ರ “ಸಹಸ್ರನಾಮ ಶುರುವಾಯಿತು” ಎಂದು ಪೇಪರ್ ಮಡಚಿಕೊಂಡು ಒಳಗೆ ಹೋಗುತ್ತಾರೆ.

ಇದು ಹವ್ಯಾಸಿ ರೇಡಿಯೋ. ಜನರ ಬಾಯಲ್ಲಿ ಹ್ಯಾಮ್ ರೇಡಿಯೋ. ಫೋನಿಗೂ ಇದಕ್ಕೂ ಇರುವ ವ್ಯತ್ಯಾಸ ಬಹಳ ಸರಳ. ಫೋನು ಮಾಡಬೇಕಾದರೆ ಯಾರಿಗೆ ಎಂದು ಮೊದಲೇ ಗೊತ್ತಿರಬೇಕು. ರೇಡಿಯೋದಲ್ಲಿ ಹಾಗಲ್ಲ, ಜಗುಲಿಗೆ ಬಂದು “ಯಾರಾದರೂ ಇದ್ದೀರಾ?” ಎಂದು ಕೂಗಿದ ಹಾಗೆ. ಕಿವಿ ತೆರೆದು ಕೂತವರು ಯಾರೇ ಇರಲಿ, ಓಗೊಡಬಹುದು. ನಡುವೆ ಕಂಪನಿಯ ಟವರ್ ಬೇಕಿಲ್ಲ, ರೀಚಾರ್ಜ್ ಬೇಕಿಲ್ಲ. ಸರ್ಕಾರದ ಪರೀಕ್ಷೆ ಪಾಸುಮಾಡಿ ಲೈಸೆನ್ಸ್ ಪಡೆದಿರಬೇಕು, ಅಷ್ಟೆ. ಲೈಸೆನ್ಸ್ ಇಲ್ಲದೆ ಮಾತಿನ ಗುಂಡಿ ಒತ್ತುವುದು ಕಾನೂನಿಗೆ ವಿರುದ್ಧ. ಇದರಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ. ಹಪ್ಪಳ ಮಾರುವಂತಿಲ್ಲ, ಹಪ್ಪಳದ ಹಿಟ್ಟು ಕೆಟ್ಟುಹೋದ ಕಥೆ ಬೇಕಾದರೆ ಹೇಳಬಹುದು.

ಇದು ಬರೀ ಹರಟೆಯ ಸಾಧನವೆಂದು ತಿಳಿಯುವವರಿಗೆ ನಾನು ಭಾರತಿ ಪ್ರಸಾದ್ ಅವರ ಕಥೆ ಹೇಳುತ್ತೇನೆ. 2004ರ ಡಿಸೆಂಬರಿನಲ್ಲಿ ಅವರು ಒಂದು ಹ್ಯಾಮ್ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿದ್ದರು. ಆ ದ್ವೀಪಗಳಿಂದ ಹವ್ಯಾಸಿಗಳ ದನಿ ಕೇಳಿ ಬಹಳ ವರ್ಷಗಳಾಗಿದ್ದರಿಂದ ಲೋಕದ ಹ್ಯಾಮ್‌ಗಳೆಲ್ಲ ಅವರ ಕರೆಗಾಗಿ ಕಾದು ಕೂತಿದ್ದರು. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿತು, ಕಡಲು ಉಕ್ಕಿ ಬಂತು, ಫೋನುಗಳು ಮೂಕವಾದವು. ಲೋಕದೊಂದಿಗೆ ಮಾತಾಡಲೆಂದು ಒಯ್ದಿದ್ದ ಯಂತ್ರದಲ್ಲೇ ಆಕೆ ದ್ವೀಪದವರ ಕ್ಷೇಮಸಮಾಚಾರವನ್ನು ದಿನಗಟ್ಟಲೆ ಮುಖ್ಯಭೂಮಿಗೆ ತಲುಪಿಸಿದರು. ಅವರ ಯಂತ್ರ ದೊಡ್ಡದು, ಶಾರ್ಟ್‌ವೇವಿನದು. ನನ್ನದು 5 ವ್ಯಾಟಿನ ಕೈಪೆಟ್ಟಿಗೆ. ಆದರೂ ಎರಡೂ ಒಂದೇ ಕುಲದವು.

ನನಗೆ ಈ ಹುಚ್ಚು ಹಿಡಿಸಿದವನು ತಂಗಿಯ ಮಗ. 2016ರಲ್ಲಿ ಪರೀಕ್ಷೆ ಬರೆದೆ. ಆ ವಯಸ್ಸಿನಲ್ಲಿ ಓಮ್‌ನ ನಿಯಮ ಬಾಯಿಪಾಠ ಮಾಡಿದ್ದನ್ನು ನೋಡಿ ಮೊಮ್ಮಗಳು ನಕ್ಕಳು. ಲೈಸೆನ್ಸ್ ಬಂದ ಮೇಲೆ ಗೊತ್ತಾದ ಸಂಗತಿಯೆಂದರೆ, ಹ್ಯಾಮ್‌ಗಳ ಲೋಕದಲ್ಲಿ ಹೆಂಗಸರೆಲ್ಲ ವೈ.ಎಲ್., ಅಂದರೆ ‘ಯಂಗ್ ಲೇಡಿ’. ಹದಿನೆಂಟರವಳೂ ವೈ.ಎಲ್., ಎಂಬತ್ತರವಳೂ ವೈ.ಎಲ್. ಮಂಡಿನೋವಿನ ಎಣ್ಣೆ ಹಚ್ಚಿಕೊಳ್ಳುತ್ತಾ ಯಂಗ್ ಲೇಡಿ ಅನ್ನಿಸಿಕೊಳ್ಳುವ ಸುಖ ಬೇರೆ ಎಲ್ಲಿದೆ ಹೇಳಿ!

ಈಗ ನನ್ನ ಡಬ್ಬಿಯ ವಿಷಯ. ಇದಕ್ಕೆ ಎರಡು ದನಿ. ಒಂದು ಹಳೆಯ ಅನಲಾಗ್, ಇನ್ನೊಂದು ಹೊಸ ಡಿಜಿಟಲ್. ಚಾನೆಲ್ ಗುಂಡಿಯನ್ನು ಒಂದು ಹಲ್ಲು ತಿರುಗಿಸಿದರೆ ಅದೇ ಡಬ್ಬಿ ಬೇರೆಯದೇ ರೀತಿಯಲ್ಲಿ ಕೇಳತೊಡಗುತ್ತದೆ, ಬೇರೆಯದೇ ರೀತಿಯಲ್ಲಿ ಮಾತಾಡತೊಡಗುತ್ತದೆ. ಇದರ ಮರ್ಮ ನನಗೆ ಅಡುಗೆಮನೆಯ ಲೆಕ್ಕದಲ್ಲೇ ಅರ್ಥವಾದದ್ದು.

ಅನಲಾಗ್ ಎಂದರೆ ಕ್ಯಾನಿನಲ್ಲಿ ಹಾಲು ಹೊತ್ತೊಯ್ದ ಹಾಗೆ. ನಮ್ಮ ದನಿಯ ಏರಿಳಿತಕ್ಕೆ ತಕ್ಕಂತೆ ರೇಡಿಯೋ ಅಲೆಯ ಕಂಪನವೂ ಚೂರು ಮೇಲೆ ಚೂರು ಕೆಳಗೆ ಆಡುತ್ತಾ ಸಾಗುತ್ತದೆ. ಎಫ್.ಎಂ. ಎನ್ನುವುದು ಇದನ್ನೇ. ದಾರಿಯಲ್ಲಿ ಗುಡ್ಡ ಬಂದರೆ, ಮರಗಳ ಹಿಂಡು ಬಂದರೆ ಹಾಲಿಗೆ ನೀರು ಬೆರೆತ ಹಾಗೆ ದನಿಯೊಳಗೆ ‘ಶ್ಶ್’ ಎಂಬ ಸದ್ದು ಸೇರುತ್ತದೆ. ದೂರ ಹೆಚ್ಚಿದಷ್ಟೂ ನೀರು ಹೆಚ್ಚು. ಆದರೂ ಎಷ್ಟೇ ತೆಳುವಾದರೂ ಅದು ಹಾಲೇ. ಕಿವಿ ಪಳಗಿದವರು ಆ ಗದ್ದಲದ ಒಳಗಿನಿಂದ ಮಾತನ್ನು ಹೆಕ್ಕಿ ತೆಗೆಯಬಲ್ಲರು, ಕಲ್ಲಿನಿಂದ ಅಕ್ಕಿ ಆರಿಸಿದ ಹಾಗೆ.

ಡಿಜಿಟಲ್ ಎಂದರೆ ಹಾಲಿನ ಪುಡಿ. ಡಬ್ಬಿಯೊಳಗಿನ ಒಂದು ಚಿಪ್ಪು ನಮ್ಮ ಮಾತನ್ನು ಸೆಕೆಂಡಿಗೆ 50 ಚೂರು ಮಾಡುತ್ತದೆ. ಪ್ರತಿ ಚೂರಿನಲ್ಲೂ ದನಿಯ ಮಟ್ಟ ಎಷ್ಟು, ಗಂಟಲು ಮಿಡಿಯುವ ‘ಅ’ಕಾರದಂಥ ಸದ್ದೋ ಬರೀ ಉಸಿರಿನ ‘ಸ’ಕಾರದಂಥ ಸದ್ದೋ ಎಂದು ಅಳೆದು ಅಂಕಿಗಳಲ್ಲಿ ಬರೆದುಕೊಳ್ಳುತ್ತದೆ. ನನ್ನ ಡಬ್ಬಿಯಲ್ಲಿರುವುದು ಡಿ.ಎಂ.ಆರ್. ಎಂಬ ಬಗೆ, 2005ರಲ್ಲಿ ಯುರೋಪಿನಲ್ಲಿ ಗೊತ್ತುಮಾಡಿದ ಮಾನಕ. ಇದರಲ್ಲಿ ಒಂದು ಸೆಕೆಂಡಿನ ಮಾತು ಹಿಡಿಯುವುದು 2,450 ಬಿಟ್‌ಗಳಲ್ಲಿ. ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅದೇ ಒಂದು ಸೆಕೆಂಡಿಗೆ 64,000 ಬಿಟ್ ಇಡುತ್ತಿದ್ದರು ಎಂದರೆ ಎಷ್ಟು ಒಣಗಿಸಿದ್ದಾರೆ ನೋಡಿ! ಆ ಕಡೆಯ ಡಬ್ಬಿ ಪುಡಿಗೆ ನೀರು ಕಲಸಿ ಮತ್ತೆ ದನಿ ಮಾಡುತ್ತದೆ. ಪೊಟ್ಟಣ ಸರಿಯಾಗಿ ತಲುಪಿದರೆ 40 ಕಿಲೋಮೀಟರ್ ಆಚೆಯವರ ಮಾತೂ ಪಕ್ಕದಲ್ಲಿ ಕೂತು ಹೇಳಿದಂತೆ. ಪೊಟ್ಟಣ ಹರಿದರೆ ಮಾತ್ರ ‘ಗಳಗಳ ಗುಳಗುಳ’ ಎಂದು ನೀರಿನಲ್ಲಿ ಮುಳುಗಿದವರ ಹಾಗೆ ಒಂದು ಸದ್ದು, ಆಮೇಲೆ ಏನೂ ಇಲ್ಲ. ಡಿಜಿಟಲ್‌ಗೆ ಸಂಜೆಯಿಲ್ಲ. ಹಗಲು, ಇಲ್ಲದಿದ್ದರೆ ಕತ್ತಲೆ.

ಎರಡರಲ್ಲೂ ಮಾತಾಡುವ ಕ್ರಮ ಕಲಿಯಬೇಕು. ಆಂಟೆನಾ ನೆಟ್ಟಗೆ ಇರುವಂತೆ ಡಬ್ಬಿ ಹಿಡಿಯಬೇಕು, ಓರೆ ಹಿಡಿದರೆ ದನಿ ಕುಂದುತ್ತದೆ. ಬಾಯಿಂದ ಮೂರು ಬೆರಳು ದೂರ ಇಟ್ಟು, ಗುಂಡಿ ಒತ್ತಿ, ಒಂದು ಕ್ಷಣ ತಡೆದು, ಕೂಗದೆ, ಮನೆಯಲ್ಲಿ ಮಾತಾಡುವ ದನಿಯಲ್ಲೇ ಮಾತಾಡಬೇಕು. ಗುಂಡಿ ಒತ್ತಿರುವಷ್ಟು ಹೊತ್ತು ನಮಗೆ ಏನೂ ಕೇಳುವುದಿಲ್ಲ. ಹೇಳುವುದು ಮುಗಿದ ಮೇಲೆ ‘ಓವರ್’ ಎಂದು ಬಿಟ್ಟುಕೊಟ್ಟರೆ ಮಾತ್ರ ಎದುರಿನವರ ಸರದಿ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳದೆ ಇರುವ ಈ ಪಾಠವನ್ನು ಎಲ್ಲ ಕೂಡುಕುಟುಂಬಗಳಲ್ಲೂ ಕಡ್ಡಾಯ ಮಾಡಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಮ್ಮಂಥ ಮಲೆನಾಡಿನ ಊರುಗಳಲ್ಲಿ ಡಬ್ಬಿಯಿಂದ ಡಬ್ಬಿಗೆ ನೇರ ಮಾತು ಬಹಳ ದೂರ ಹೋಗದು. ಅದಕ್ಕೇ ಗುಡ್ಡದ ನೆತ್ತಿಯಲ್ಲಿ ರಿಪೀಟರ್ ಇಡುತ್ತಾರೆ. ಅದು ನಮ್ಮ ದನಿಯನ್ನು ಒಂದು ಕಂಪನಾಂಕದಲ್ಲಿ ಕೇಳಿಸಿಕೊಂಡು ಇನ್ನೊಂದರಲ್ಲಿ ಜೋರಾಗಿ ಮರಳಿ ಹೇಳುತ್ತದೆ. ಅನಲಾಗ್‌ನಲ್ಲಿ ಅದನ್ನು ಎಬ್ಬಿಸಲು ಮಾತಿನ ಅಡಿಯಲ್ಲಿ ಒಂದು ಸಣ್ಣ ಗುಂಯ್‌ಗುಡುವ ಸ್ವರ ಕಳುಹಿಸಬೇಕು. 88.5 ಹರ್ಟ್ಸ್‌ನಂಥ ಮಂದ್ರದ ಸ್ವರ, ಕೇಳುವವರ ಡಬ್ಬಿ ಅದನ್ನು ಸೋಸಿಬಿಡುತ್ತದೆ, ಬಾಗಿಲು ಕಾಯುವವನಿಗೆ ಮಾತ್ರ ತಿಳಿಯುವ ಗುಟ್ಟು. ಡಿಜಿಟಲ್‌ನಲ್ಲಿ ವ್ಯವಹಾರ ಹೆಚ್ಚು. ಅದೊಂದು ವಠಾರ ಎಂದಿಟ್ಟುಕೊಳ್ಳಿ. ಕಲರ್ ಕೋಡ್ ಎಂಬುದು ವಠಾರದ ಹೆಬ್ಬಾಗಿಲು. ಒಳಗೆ ಒಂದೇ ನಲ್ಲಿ, ಎರಡು ಕೊಡ. ಒಂದು ಕೊಡಕ್ಕೆ ಸೆಕೆಂಡಿನ ಸಾವಿರದಲ್ಲಿ 30 ಪಾಲು ಹೊತ್ತು ನೀರು, ಆಮೇಲೆ ಇನ್ನೊಂದಕ್ಕೆ 30 ಪಾಲು. ಹೀಗೆ ಸರದಿ ಎಷ್ಟು ಬೇಗ ಬದಲಾಗುತ್ತದೆಂದರೆ ಒಂದೇ ಕಂಪನಾಂಕದಲ್ಲಿ ಎರಡು ಹರಟೆ ಏಕಕಾಲಕ್ಕೆ ನಡೆದರೂ ಒಬ್ಬರದು ಇನ್ನೊಬ್ಬರಿಗೆ ತಾಗದು. ಇವಕ್ಕೆ ಟೈಮ್ ಸ್ಲಾಟ್ ಎನ್ನುತ್ತಾರೆ. ಯಾರ ಮನೆಯ ಜಗುಲಿಯಲ್ಲಿ ಕೂರಬೇಕು ಎಂದು ಹೇಳುವುದು ಟಾಕ್‌ಗ್ರೂಪ್. ಇದರ ಮೇಲೆ ನಮ್ಮದೇ ಒಂದು 7 ಅಂಕಿಯ ಗುರುತಿನ ಸಂಖ್ಯೆ. ಇಷ್ಟನ್ನೂ ಕಂಪ್ಯೂಟರಿನಲ್ಲಿ ಬರೆದು ಡಬ್ಬಿಗೆ ತುಂಬಬೇಕು. ಒಂದು ಅಂಕಿ ತಪ್ಪಿದರೂ ಬಾಗಿಲು ತೆರೆಯದು.

ತುಂಬಿದ ಮೇಲೆ ಸುಖವೇನೋ ಇದೆ. ಮಾತಾಡುವವರ ಕರೆಸಂಕೇತ ಪರದೆಯ ಮೇಲೆ ಮೂಡುತ್ತದೆ. ಸರದಿಯ ಅರ್ಧ ಹೊತ್ತು ಮಾತ್ರ ಅಲೆ ಹೊರಡಿಸುವುದರಿಂದ ಬ್ಯಾಟರಿ ಹೆಚ್ಚು ಬಾಳುತ್ತದೆ. ರಿಪೀಟರನ್ನು ಇಂಟರ್‌ನೆಟ್ಟಿಗೆ ಜೋಡಿಸಿದ್ದರೆ ತುಳಸಿಕಟ್ಟೆಯ ಪಕ್ಕ ನಿಂತೇ ಬೆಂಗಳೂರಿನವರ ಜೊತೆಗೂ ಅಮೆರಿಕದವರ ಜೊತೆಗೂ ಮಾತಾಡಬಹುದು. ಹೊರದೇಶದ ಕನ್ನಡದವರೊಬ್ಬರು ಒಮ್ಮೆ ಆ ದಾರಿಯಲ್ಲಿ ಬಂದು “ನಿಮ್ಮಲ್ಲಿ ಮಳೆ ಹಿಡಿಯಿತಾ ಅಮ್ಮಾ?” ಎಂದು ಕೇಳಿದಾಗ ನನಗೆ ಗಂಟಲು ಕಟ್ಟಿತ್ತು.

ಆದರೆ ಒಂದು ಮಾತು. ಆ ಚಿಪ್ಪಿಗೆ ತಿಳಿದಿರುವುದು ಮನುಷ್ಯರ ಮಾತು ಮಾತ್ರ. ನಾನು ಅಡುಗೆಮನೆಯಿಂದ ಅನಲಾಗ್‌ನಲ್ಲಿ ಮಾತಾಡಿದರೆ ಕುಕ್ಕರಿನ ಸೀಟಿ, ಒಗ್ಗರಣೆಯ ಚಟಪಟ, ಹಿತ್ತಿಲ ಕಾಗೆ ಎಲ್ಲ ನನ್ನ ಜೊತೆಯೇ ಹೋಗುತ್ತವೆ. “ಮೂರನೇ ಸೀಟಿ ಆಯಿತು ನೋಡಿ, ಒಲೆ ಆರಿಸಿ” ಎಂದು ಆ ಕಡೆಯವರೇ ನೆನಪಿಸಿದ್ದುಂಟು. ಡಿಜಿಟಲ್‌ನಲ್ಲಿ ಅದೇ ಸೀಟಿ ಚಿಪ್ಪನ್ನು ಗೊಂದಲಕ್ಕೆ ದೂಡುತ್ತದೆ. ಅದನ್ನೂ ಮಾತೆಂದು ತಿಳಿದು ಎಂಥದೋ ವಿಕಾರದ ದನಿ ಮಾಡಿ ಕಳುಹಿಸುತ್ತದೆ. ಅಲ್ಲಿ ಮಾತು ತಲುಪುತ್ತದೆ, ಮನೆ ತಲುಪುವುದಿಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಟೀಚರಕ್ಕನಿಂದ. ನಿವೃತ್ತ ಶಾಲಾ ಶಿಕ್ಷಕಿ, ನಮ್ಮ ಬೆಳಗಿನ ಗುಂಪಿನಲ್ಲಿ ನನ್ನನ್ನು ಬಿಟ್ಟರೆ ಇದ್ದ ಇನ್ನೊಬ್ಬರೇ ಯಂಗ್ ಲೇಡಿ. ಘಟ್ಟದ ಅಂಚಿನ ಒಂಟಿ ಮನೆ, ಸುತ್ತ ಅಡಿಕೆ ತೋಟ, ಮನೆ ಇರುವುದು ಕಣಿವೆಯ ತಳದಲ್ಲಿ. ಹಾಗಾಗಿ ಮಾತಾಡಬೇಕೆಂದರೆ ತೋಟದ ಮೇಲಿನ ದರೆ ಹತ್ತಿ ಬರಬೇಕು. ಅವರದು ಬರೀ ಅನಲಾಗ್ ಇರುವ ಹಳೆಯ ಡಬ್ಬಿ. ಬ್ಯಾಟರಿ ಬಿದ್ದುಹೋಗದಂತೆ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದರು. ಮೂರು ವರ್ಷ ಮುಖ ನೋಡದೆಯೇ ಅವರ ದನಿಯಲ್ಲಿ ನನಗೆ ಗೊತ್ತಿಲ್ಲದ ಋತುವಿರಲಿಲ್ಲ.

2022ರ ಜೂನ್ ತಿಂಗಳು. “ಏನು ಟೀಚರಕ್ಕ, ದನಿ ಯಾಕೆ ಹೀಗಿದೆ?” ಎಂದೆ.

“ದರೆ ಹತ್ತಿ ಬಂದೆನಲ್ಲ ಮಾರಾಯ್ತಿ, ಏದುಸಿರು” ಎಂದರು.

ಇರಬಹುದು ಎಂದುಕೊಂಡೆ. ಆದರೆ ಹತ್ತು ನಿಮಿಷ ಕಳೆದು ಮತ್ತೆ ಅವರ ಸರದಿ ಬಂದಾಗಲೂ ಅದೇ ಏದುಸಿರು. ನಾಲ್ಕು ಮಾತಿಗೊಮ್ಮೆ ಗುಂಡಿ ಬಿಡುತ್ತಿದ್ದರು. ಮಾತಿನ ನಡುವೆ ಗಾಳಿ ಎಳೆದುಕೊಳ್ಳುವ ಸಣ್ಣ ಸದ್ದು. ಮರುದಿನವೂ ಹಾಗೆಯೇ. ಮೂರನೆಯ ದಿನ ಎಲ್ಲರೂ ಹೋದ ಮೇಲೆ ಅವರನ್ನು ನಿಲ್ಲಿಸಿಕೊಂಡು ಹೇಳಿದೆ: “ಅಕ್ಕಾ, ಇದು ದರೆಯ ಏದುಸಿರಲ್ಲ. ನಾಳೆ ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆಯೇ ನನ್ನ ಜೊತೆ ಮಾತು.” ಬೈದುಕೊಂಡೇ ಹೋದರು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 6.8. ಹನ್ನೆರಡು ಇರಬೇಕಾದಲ್ಲಿ ಆರು ಚಿಲ್ಲರೆ! ಆಸ್ಪತ್ರೆಗೆ ಸೇರಿಸಿ ರಕ್ತ ಕೊಟ್ಟರು, ಕಾರಣ ಹುಡುಕಿ ಔಷಧಿ ಮಾಡಿದರು. ಮನೆಯಲ್ಲಿದ್ದ ಮಗನಿಗೂ ಸೊಸೆಗೂ ದಿನಾ ನೋಡಿ ನೋಡಿ ತಿಳಿದಿರಲಿಲ್ಲ. ಹೆಂಗಸರು ಸುಸ್ತು ಎಂದರೆ ಮನೆಯವರು ಕೇಳಿಸಿಕೊಳ್ಳುವುದು ಅಷ್ಟರಲ್ಲೇ ಇದೆ. ಅನ್ನುವುದೂ ನಾವು ಕಡಿಮೆ. ಡಿಜಿಟಲ್ ಚಿಪ್ಪು ಅಳೆದು, ಒಣಗಿಸಿ, ಕಲಸಿ ಕೊಟ್ಟ ದನಿಯಲ್ಲಿ ಆ ಉಸಿರು ನನಗೆ ಹಾಗೆ ಹತ್ತಿರದಲ್ಲಿ ಕೇಳಿಸುತ್ತಿತ್ತೇ ಎಂದು ಈಗಲೂ ಯೋಚಿಸುತ್ತೇನೆ.

ಎರಡು ತಿಂಗಳ ನಂತರ ಅವರು ಮತ್ತೆ ದರೆ ಹತ್ತಿದರು. ಆ ವೇಳೆಗೆ ನಮ್ಮ ಗುಂಪಿನಲ್ಲಿ ಬೇರೆಯದೇ ಮಾತು ಎದ್ದಿತ್ತು. ಗುಡ್ಡದ ಮೇಲೆ ಹೊಸ ರಿಪೀಟರ್ ಬಂದಿತ್ತು. ಅದು ಅನಲಾಗೂ ಹೌದು, ಡಿಜಿಟಲೂ ಹೌದು, ಆದರೆ ಒಂದು ಹೊತ್ತಿಗೆ ಒಂದೇ. ಹುಡುಗರಿಗೆ ಪೂರ್ತಿ ಡಿಜಿಟಲ್ ಆಗಬೇಕೆಂಬ ಆಸೆ. ಆಸೆಯಲ್ಲಿ ಅನ್ಯಾಯವೇನೂ ಇರಲಿಲ್ಲ. ಇಂಟರ್‌ನೆಟ್ಟಿನ ಮೂಲಕ ಲೋಕವೇ ತೆರೆಯುತ್ತದಲ್ಲ. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಗುವುದು ಲೋಕದ ರೂಢಿ. ಟೀಚರಕ್ಕನಿಗೆ ಒಂದು ಡಿಜಿಟಲ್ ಡಬ್ಬಿ ಎರವಲು ಕೊಟ್ಟು ನೋಡಿದೆವು. ಆ ದರೆಯಿಂದ ಅವರ ಮಾತು ಅನಲಾಗ್‌ನಲ್ಲಿ ‘ಶ್ಶ್’ ಎಂಬ ಸದ್ದಿನ ನಡುವೆಯೂ ತಿಳಿಯುತ್ತಿತ್ತು, ಡಿಜಿಟಲ್‌ನಲ್ಲಿ ‘ಗುಳಗುಳ’ ಎಂದು ಮುರಿದು ಬೀಳುತ್ತಿತ್ತು. ಸುತ್ತಲಿನ ಗುಡ್ಡಗಳಿಗೆ ತಾಕಿ ಅಲೆ ಚೆದುರಿ ಬರುತ್ತಿತ್ತೋ ಏನೋ. ಸಾಲದ್ದಕ್ಕೆ ಹೊಸ ಡಬ್ಬಿ ಕೊಳ್ಳಬೇಕು, ಅದಕ್ಕೆ ಅಂಕಿ ತುಂಬಲು ಕಂಪ್ಯೂಟರ್ ಬೇಕು. ಪಿಂಚಣಿಯ ಹೆಂಗಸು, ಕಣಿವೆಯ ಮನೆ. “ನನಗಾಗಿ ನೀವೆಲ್ಲ ಯಾಕೆ ನಿಲ್ಲಬೇಕು? ನಾನು ಹಾಗೇ ಕೇಳಿಸಿಕೊಳ್ಳುತ್ತಾ ಇರುತ್ತೇನೆ” ಎಂದರು. ಆ ಡಬ್ಬಿಯಲ್ಲಿ ಡಿಜಿಟಲ್ ಬಂದರೆ ಕೇಳಿಸುವುದು ಬರೀ ಗರಗರ ಸದ್ದೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗುಂಪಿನ ಸಭೆಯಲ್ಲಿ ನಾನು ಮಾತಾಡುವವಳಲ್ಲ. ಅವತ್ತು ಎದ್ದು ನಿಂತು ಎರಡೇ ಮಾತು ಹೇಳಿದೆ. “ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ಇಂಟರ್‌ನೆಟ್ ಹೋಗುತ್ತದೆ, ಬೆಂಗಳೂರು, ಅಮೆರಿಕ ಎರಡೂ ಆ ಕ್ಷಣವೇ ಹೋಗುತ್ತವೆ. ಉಳಿಯುವುದು ಈ ಗುಡ್ಡ ಮತ್ತು ನಾವು ಹತ್ತಿಪ್ಪತ್ತು ಜನ. ಆ ಹೊತ್ತಿನಲ್ಲಿ ಯಾರ ದನಿ ಎಲ್ಲಕ್ಕಿಂತ ಕ್ಷೀಣವೋ ಅವರನ್ನು ಕೇಳಿಸಿಕೊಳ್ಳುವುದಕ್ಕೆ ಅಲ್ಲವೇ ನಾವು ಲೈಸೆನ್ಸ್ ತೆಗೆದುಕೊಂಡದ್ದು?” ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಹುಡುಗರಲ್ಲೇ ಒಬ್ಬ, “ಬೆಳಿಗ್ಗೆ ಅನಲಾಗ್ ಇರಲಿ, ಸಂಜೆ ಡಿಜಿಟಲ್ ಮಾಡೋಣ ಬಿಡಿ ಆಂಟಿ” ಎಂದ. ಹಾಗೆಯೇ ಆಯಿತು, ಇವತ್ತಿಗೂ ಹಾಗೆಯೇ ನಡೆದಿದೆ.

ಆದ್ದರಿಂದ ಯಾವುದು ಮೇಲು ಎಂದು ಯಾರಾದರೂ ಕೇಳಿದರೆ ನಾನು ಪಕ್ಷ ಹಿಡಿಯುವುದಿಲ್ಲ. ಸದ್ದುಗದ್ದಲವಿಲ್ಲದೆ ದೂರದೂರಿನವರ ಜೊತೆ ನೆಮ್ಮದಿಯಾಗಿ ಮಾತಾಡಬೇಕೇ, ಡಿಜಿಟಲ್‌ಗೆ ತಿರುಗಿಸಿ. ಬಾಗಿಲ ಸದ್ದಾದ ಮೇಲೆ ಒಂದು ಕ್ಷಣ ತಡೆಯಿರಿ, ಅಲ್ಲಿ ಮಾತು ತಲುಪುವುದೂ ಚೂರು ತಡ. ಎದುರಿನವರು ದುರ್ಬಲರೇ, ದೂರದವರೇ, ಅನಲಾಗ್‌ಗೆ ಬನ್ನಿ. ನನ್ನ ಡಬ್ಬಿಯ ಪಕ್ಕೆಯಲ್ಲಿ ಒಂದು ಸಣ್ಣ ಗುಂಡಿ ಇದೆ. ಗದ್ದಲ ಕೇಳಿಸದಂತೆ ಸದಾ ಮುಚ್ಚಿಕೊಂಡಿರುವ ಸ್ಕ್ವೆಲ್ಚ್ ಎಂಬ ಬಾಗಿಲನ್ನು ಅದು ತೆರೆಯುತ್ತದೆ. ಒತ್ತಿದ ಕೂಡಲೇ ಹಂಚಿನ ಮೇಲೆ ಮಳೆ ಸುರಿದ ಹಾಗೆ ‘ಶ್ಶ್ಶ್’ ಎಂದು ಸದ್ದು. ಕಿವಿಗೆ ಹಿತವೇನಲ್ಲ. ಆದರೆ ಬಾಗಿಲು ತಟ್ಟುವಷ್ಟೂ ಶಕ್ತಿಯಿಲ್ಲದ ದನಿಗಳು ಕೇಳಿಬರುವುದು ಆ ಸದ್ದಿನೊಳಗಿಂದಲೇ. ಡಿಜಿಟಲ್‌ನಲ್ಲಿ ಆ ಗುಂಡಿಯಿಂದ ಅಂಥ ಉಪಯೋಗವಿಲ್ಲ. ದಿನಕ್ಕೊಮ್ಮೆಯಾದರೂ ನಾನು ಅದನ್ನು ಒತ್ತಿ ಒಂದು ನಿಮಿಷ ಸುಮ್ಮನೆ ಕೇಳುತ್ತೇನೆ.

ಹ್ಯಾಮ್‌ಗಳು ಮಾತು ಮುಗಿಸುವಾಗ ‘73’ ಎನ್ನುವುದು ವಾಡಿಕೆ, ಶುಭವಾಗಲಿ ಎಂದು. ಅಮೆರಿಕದಲ್ಲಿ 1939ರಲ್ಲಿ ಹ್ಯಾಮ್ ಮಹಿಳೆಯರು ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಮರುವರ್ಷ ತಮ್ಮತಮ್ಮಲ್ಲಿ ಹೇಳಿಕೊಳ್ಳಲು ಬೇರೆಯದೇ ಸಂಖ್ಯೆ ಗೊತ್ತುಮಾಡಿಕೊಂಡರು, ‘33’. ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣಿಗೆ ಹೇಳುವ ಸ್ನೇಹದ, ಪ್ರೀತಿಯ ಅಂಕಿ. ಟೀಚರಕ್ಕ ಅದನ್ನು ಇಂಗ್ಲಿಷಿನಲ್ಲಿ ಹೇಳುವವರಲ್ಲ. “ಮೂವತ್ಮೂರು ಮಾರಾಯ್ತಿ, ಇಳೀತೀನಿ” ಎನ್ನುತ್ತಾರೆ. ಗುಂಡಿ ಬಿಟ್ಟ ಸದ್ದಿನ ಹಿಂದೆ ಅವರ ತೋಟದ ಹಕ್ಕಿಯೊಂದು ಕೂಗಿದ್ದೂ ಕೇಳಿಸುತ್ತದೆ.